ಸಾಯುವ ಮುಂಚೆ ಸೇಡು ತೀರಿಸಿಕೊಂಡ ಪತ್ತೇದಾರ: ಬೇರ್ಲಾಖ್ ಮಾಡಿದ್ದನ್ನ ನ್ಯಾಯ ಅನ್ನಬಹುದಾ?

ಓದುಬಾಕಿ:
ಜರ್ಮನ್ ಕಲಿಯೋರ ಕೈಗೆ ಒಂದಲ್ಲ ಒಂದು ಹಂತದಲ್ಲಿ ಬಂದೇ ಬರೋ ಪತ್ತೇದಾರಿ ಕಾದಂಬರಿ ಒಂದಿದೆ. ಫ್ರೀಡ್ರಿಖ್ ಡ್ಯೂರೆನ್‌ಮಾಟ್ ಬರೆದ 'ನ್ಯಾಯಾಧೀಶ ಮತ್ತು ಅವನ ಕಟುಕ' (ಕಟುಕ ಅಂದರೆ ಇಲ್ಲಿ ಮರಣದಂಡನೆ ಜಾರಿ ಮಾಡೋನು). ನಮ್ಮ ಕ್ಲಾಸಲ್ಲಿ ಈ ಸಲ ಅದನ್ನೇ ಓದಿಸಿದರು. ಮುಗಿಸಿದ ಮೇಲೂ ತಲೆಯಿಂದ ಹೋಗ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಕೊನೆವರೆಗೂ ಕತೆ ಹೇಳಿಬಿಡ್ತೀನಿ, ಓದಬೇಕು ಅಂತಿರೋರು ಇಲ್ಲಿಂದಲೇ ವಾಪಸ್ ಹೋಗಿ.

1948ರ ನವೆಂಬರ್. ಸ್ವಿಟ್ಜರ್ಲೆಂಡಿನ ಟ್ವಾನ್ ಅನ್ನೋ ಊರಿನ ಹತ್ತಿರ, ರಸ್ತೆ ಬದಿ ನಿಂತ ನೀಲಿ ಮರ್ಸಿಡಿಸ್ ಒಳಗೆ ಷ್ಮೀಡ್ ಅನ್ನೋ ಯುವ ಪೊಲೀಸ್ ಅಧಿಕಾರಿ ಹೆಣವಾಗಿ ಸಿಗ್ತಾನೆ. ತನಿಖೆ ಬರ್ನ್ ನಗರದ ಬೇರ್ಲಾಖ್ ಕೈಗೆ ಬರುತ್ತೆ. ಬೇರ್ಲಾಖ್‌ಗೆ ಅರವತ್ತು ದಾಟಿದೆ, ಹೊಟ್ಟೆಯೊಳಗೆ ಕಾಯಿಲೆ. ಮೂರು ದಿನದೊಳಗೆ ಆಪರೇಷನ್ ಆಗಬೇಕು, ಆದರೂ ಉಳಿಯೋದು ಒಂದೇ ವರ್ಷ ಅಂತ ಡಾಕ್ಟರ್ ಹೇಳಿದಾರೆ.

ಅವನಿಗೊಬ್ಬ ಹಳೇ ಶತ್ರು, ಗಾಸ್ಟ್‌ಮನ್. ನಲವತ್ತು ವರ್ಷದ ಹಿಂದೆ ಇಸ್ತಾಂಬುಲ್‌ನ ಒಂದು ಹೆಂಡದಂಗಡಿಯಲ್ಲಿ ಇಬ್ಬರೂ ಬಾಜಿ ಕಟ್ಟಿರ್ತಾರೆ. ಮನುಷ್ಯರ ಲೆಕ್ಕ ಎಲ್ಲೋ ತಪ್ಪುತ್ತೆ, ಆಕಸ್ಮಿಕಗಳು ಅಡ್ಡ ಬರುತ್ತವೆ, ಹಾಗಾಗಿ ಅಪರಾಧ ಬಯಲಾಗೇ ಆಗುತ್ತೆ ಅಂತ ಬೇರ್ಲಾಖ್. ಜಗತ್ತು ಇಷ್ಟು ಗೋಜಲಾಗಿರೋದರಿಂದಲೇ ಸಿಕ್ಕಿಬೀಳದ ಅಪರಾಧ ಮಾಡಬಹುದು ಅಂತ ಗಾಸ್ಟ್‌ಮನ್. ಕೆಲವೇ ದಿನದಲ್ಲಿ ಅವನು ಬೇರ್ಲಾಖ್ ಕಣ್ಣೆದುರೇ ಒಬ್ಬ ಜರ್ಮನ್ ವ್ಯಾಪಾರಿಯನ್ನ ಸೇತುವೆಯಿಂದ ನೀರಿಗೆ ತಳ್ತಾನೆ. ದಿವಾಳಿಯೆದ್ದವನು, ಆತ್ಮಹತ್ಯೆ ಮಾಡಿಕೊಂಡ ಅಂತ ಕೇಸ್ ಮುಚ್ಚಿಹೋಗುತ್ತೆ.

ಷ್ಮೀಡ್‌ನನ್ನ ಕೊಂದವನು ಗಾಸ್ಟ್‌ಮನ್ ಅಲ್ಲ. ಬೇರ್ಲಾಖ್‌ನ ಸಹಾಯಕ ಚಾಂಟ್ಸ್, ಹೊಟ್ಟೆಕಿಚ್ಚಿಗೆ. ಇದು ಬೇರ್ಲಾಖ್‌ಗೆ ಮೊದಲಿಂದ್ಲೂ ಗೊತ್ತು. ಗೊತ್ತಿದ್ದೂ ಅವನನ್ನ ಹಿಡಿಯಲ್ಲ, ಗಾಸ್ಟ್‌ಮನ್ ಕಡೆಗೆ ನೂಕ್ತಾ ಹೋಗ್ತಾನೆ. ತಪ್ಪು ಬೇರೆಯವನ ತಲೆಗೆ ಕಟ್ಟೋ ಆತುರದಲ್ಲಿ ಚಾಂಟ್ಸ್ ಗಾಸ್ಟ್‌ಮನ್‌ನ ಮನೆಗೇ ಹೋಗಿ ಗುಂಡು ಹಾರಿಸಿ ಸಾಯಿಸ್ತಾನೆ. ಮಾಡಿದ ಕೊಲೆಗಳಿಗೆ ಶಿಕ್ಷೆ ಕೊಡಿಸೋಕೆ ಆಗಲಿಲ್ಲ, ಮಾಡದ ಕೊಲೆಗೆ ಕೊಡಿಸ್ತೀನಿ ಅನ್ನೋದು ಬೇರ್ಲಾಖ್ ಲೆಕ್ಕ.

ನನಗೆ ಓದ್ತಾ ಓದ್ತಾ ಅವನ ಮೇಲೆ ಪ್ರೀತಿಯೇ ಬಂತು. ಮುಗಿದಾಗ ಭಯ ಆಯ್ತು. ನೀವೇನಂತೀರಾ?

ರಾತ್ರಿಪಾಳಿ:
ಸೇಡು. ಇದರಲ್ಲಿ ಎರಡು ಮಾತೇ ಇಲ್ಲ.

ಕಾಫಿತೋಟ:
ಎರಡಲ್ಲ ಹತ್ತು ಮಾತಿದೆ. ಕಾನೂನಿನ ದಾರಿ ಅವನಿಗೆ ತೆರೆದಿತ್ತಾ? ಫಾನ್ ಷ್ವೆಂಡಿ ಅನ್ನೋ ಪಾತ್ರ ಯಾಕಿದೆ ಹೇಳಿ. ಸಂಸದ, ಮಿಲಿಟರಿ ಕರ್ನಲ್, ಗಾಸ್ಟ್‌ಮನ್‌ನ ವಕೀಲ, ಮೂರೂ ಅವನೇ. ಸೀದಾ ಬೇರ್ಲಾಖ್‌ನ ಮೇಲಧಿಕಾರಿ ಲುಟ್ಸ್ ಆಫೀಸಿಗೆ ಬಂದು ಕೂರ್ತಾನೆ. ಗಾಸ್ಟ್‌ಮನ್ ಮನೆಯಲ್ಲಿ ಉದ್ಯಮಿಗಳೂ ವಿದೇಶಿ ರಾಯಭಾರಿಗಳೂ ಸೇರ್ತಾರೆ, ಅವನ ತಂಟೆಗೆ ಹೋಗಬೇಡಿ ಅಂತಾನೆ. ಲುಟ್ಸ್ ಬಾಲ ಮುದುರಿಕೊಂಡು ಸುಮ್ಮನಾಗ್ತಾನೆ. ದೊಡ್ಡವರ ಮುಂದೆ ಸ್ಟೇಷನ್ ಬಾಗಿಲು ತಾನಾಗೇ ಮುಚ್ಚಿಕೊಳ್ಳೋದು ನಮಗೇನು ಹೊಸದಾ? ಅಂಥ ಕಡೆ ಒಂದು ವರ್ಷ ಆಯಸ್ಸು ಇರೋ ಮುದುಕ ಬೇರೇನು ಮಾಡಬೇಕಿತ್ತು?

ಹುಬ್ಬಳ್ಳಿ_ವಕೀಲ:
ಕಾಫಿತೋಟ ಅವರ, ನೀವು ಹೇಳಿದ್ದು ಸಿಟ್ಟಿನ ಮಾತು. ಸಿಟ್ಟು ನನಗೂ ಬರ್ತದ, ಖರೇ. ಆದ್ರ ಕಾನೂನು ಏನಂತದ ನೋಡ್ರಿ. ಇನ್ನೊಬ್ಬನ ಕೈಯಿಂದ ಕೊಲಿ ಮಾಡಿಸಿದವನನ್ನ ಯಾವ ದೇಶದ ಕೋರ್ಟೂ ಬಿಡಂಗಿಲ್ಲ. ಜರ್ಮನ್ ದಂಡಸಂಹಿತೆಯ 25ನೇ ಕಲಮು ಅದನ್ನ ಸ್ಪಷ್ಟ ಹೇಳ್ತದ, ತಾನs ಮಾಡಿದ್ರೂ ಒಂದs, ಬ್ಯಾರೇದವನ ಮೂಲಕ ಮಾಡಿಸಿದ್ರೂ ಒಂದs.

ಇನ್ನೊಂದು ಮಾತದ, ಇದನ್ನ ಯಾರೂ ಹೇಳಂಗಿಲ್ಲ. ಸ್ವಿಟ್ಜರ್ಲೆಂಡಿನ ಹೊಸ ದಂಡಸಂಹಿತೆ ಜಾರಿಗೆ ಬಂದದ್ದು 1942ರ ಜನವರಿ 1ಕ್ಕ. ಅವತ್ತಿನಿಂದ ಸಾಮಾನ್ಯ ಅಪರಾಧಕ್ಕ ಅಲ್ಲಿ ಮರಣದಂಡನೆ ಇಲ್ಲ. ಕಡೀಗೆ ಒಬ್ಬನ ತಲಿ ತಗದದ್ದು 1940ರ ಅಕ್ಟೋಬರದಾಗ, ಜಾರ್ನೆನ್ ಊರಾಗ. ಕತಿ ನಡೆಯೋದು 1948ರಾಗ. ಅಂದ್ರ, ಸರ್ಕಾರನs ಕಟುಕನನ್ನ ಕೆಲಸದಿಂದ ತಗದು ಆರು ವರ್ಷ ಆಗಿತ್ತು. ಆ ಖಾಲಿ ಜಾಗಾಕ್ಕ ಬೇರ್ಲಾಖ್ ತನ್ನ ಸ್ವಂತ ಮನುಷ್ಯಾನ್ನ ನೇಮಕ ಮಾಡ್ಯಾನ. ಗಾಸ್ಟ್‌ಮನ್ ಕೋರ್ಟಿನಾಗ ಸಿಕ್ಕಿಬಿದ್ದಿದ್ರೂ ಜೀವ ಉಳೀತಿತ್ತು. ಕೋರ್ಟು ಕೊಡಲಾರದ ಶಿಕ್ಷೆಯನ್ನ ಒಬ್ಬ ಪೊಲೀಸ ಕೊಟ್ಟಾನ. ಇದನ್ನ ನ್ಯಾಯ ಅಂತ ಹ್ಯಾಂಗ ಕರಿಯೋದು?

ಓದುಬಾಕಿ:
ವಕೀಲ್ ಸಾಹೇಬ್ರೇ, ಆರು ವರ್ಷದ ವಿಷಯ ಗೊತ್ತೇ ಇರಲಿಲ್ಲ. ಪುಸ್ತಕದ ಹೆಸರೇ ಬೇರೆ ಥರ ಕೇಳಿಸ್ತಿದೆ ಈಗ.

ಕುಡ್ಲದ_ಸಿಸ್ಟರ್:
ನಾನು ಇಲ್ಲಿ ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್. ನೀವೆಲ್ಲ ಕಾನೂನು ಮಾತಾಡ್ತಾ ಇದ್ದೀರಿ, ನನಗೆ ಬೇರ್ಲಾಖ್‌ನ ಆ ಹೊಟ್ಟೆಯದ್ದೇ ಚಿಂತೆ ಮಾರಾಯ್ರೆ. ಕೊನೆಯ ಊಟದ ಅಧ್ಯಾಯ ಉಂಟಲ್ಲ, ಚಾಂಟ್ಸ್‌ನನ್ನು ಮನೆಗೆ ಕರೆದು ಕೂರಿಸ್ತಾನೆ. ತಟ್ಟೆ ಮೇಲೆ ತಟ್ಟೆ ಬರ್ತದೆ. ಎದುರಿಗೆ ಕೂತವನಿಗೆ ಗಂಟಲಲ್ಲಿ ಇಳಿಯುವುದಿಲ್ಲ, ಇವನು ಮಾತ್ರ ರಾಕ್ಷಸನ ಹಾಗೆ ತಿಂತಾ ಇರ್ತಾನೆ. ಅಂಥ ಹೊಟ್ಟೆಗೆ ಅಷ್ಟು ಆಹಾರ ಹಾಕುವುದೆಂದರೆ ತನ್ನನ್ನು ತಾನೇ ಹೊಡೆದುಕೊಂಡ ಹಾಗೆ. ನಮ್ಮ ವಾರ್ಡಿನಲ್ಲಿ ಅಂಥ ರೋಗಿಗಳಿಗೆ ಎರಡು ಚಮಚ ಸೂಪ್ ಇಳಿಸುವುದೇ ಕಷ್ಟ.

ಡಾಕ್ಟರ್ ಹುಂಗರ್‌ಟೋಬೆಲ್ ಬೇಗ ಆಪರೇಷನ್ ಆಗಲಿ ಅಂತ ಬೇಡಿಕೊಳ್ತಾರೆ, ಇವನು ಮುಂದೂಡ್ತಾನೆ. ಚಾಂಟ್ಸ್‌ನ ಕತೆ ಮುಗಿದ ಮೇಲೆಯೇ, ಮಂಗಳವಾರ ಮಾಡಿ ಅನ್ನುವುದು. ಬದುಕಲಿಕ್ಕೆ ಬೇಕಾದ ಸಮಯವನ್ನು ಕೊಲ್ಲಲಿಕ್ಕೆ ಖರ್ಚು ಮಾಡಿದ. ನನಗೆ ಅವನ ಮೇಲೆ ಸಿಟ್ಟಿಲ್ಲ, ತುಂಬ ಬೇಜಾರುಂಟು.

ಬೀದಿದೀಪ:
ನನಗೆ ಸಿಟ್ಟಿದೆ. ಕಾಫಿತೋಟ ಅವರು ಗಾಸ್ಟ್‌ಮನ್ ಬಗ್ಗೆ ಮಾತ್ರ ಯೋಚಿಸ್ತಿದಾರೆ. ಷ್ಮೀಡ್ ಯಾಕೆ ಸತ್ತ? ಗಾಸ್ಟ್‌ಮನ್ ಮನೆಯ ಪಾರ್ಟಿಗಳಿಗೆ ಡಾಕ್ಟರ್ ಪ್ರಾಂಟ್ಲ್ ಅನ್ನೋ ಸುಳ್ಳು ಹೆಸರಲ್ಲಿ ಹೋಗಿ ಮಾಹಿತಿ ತರ್ತಿದ್ದ, ಬೇರ್ಲಾಖ್ ಪರವಾಗಿ. ಆ ಹುಡುಗನನ್ನ ಈ ಮುದುಕ ಗುಟ್ಟಾಗಿ ಬೆಳೆಸಿದ, ಮುಂದೆ ಬಿಟ್ಟ. ಅವನ ಓದು, ಕಾರು, ಹುಡುಗಿ ಎಲ್ಲ ನೋಡಿ ನೋಡಿಯೇ ಚಾಂಟ್ಸ್‌ಗೆ ಉರಿ ಹತ್ತಿದ್ದು. ಆಮೇಲೆ ಚಾಂಟ್ಸ್‌ನ ಅದೇ ಉರಿಯನ್ನ ಬೇರ್ಲಾಖ್ ತನ್ನ ಕೆಲಸಕ್ಕೆ ಬಳಸಿಕೊಂಡ. ಆ ಕೊನೆಯ ಊಟದ ಮಾರನೇ ಬೆಳಗ್ಗೆ ಚಾಂಟ್ಸ್‌ನ ಕಾರು ರೈಲಿಗೆ ಸಿಕ್ಕಿ ಅವನೂ ಸತ್ತ. ಆಕಸ್ಮಿಕವೋ ಅವನಾಗೇ ಹೋಗಿದ್ದೋ, ಡ್ಯೂರೆನ್‌ಮಾಟ್ ಹೇಳಲ್ಲ. ಒಂದು ಹಳೇ ಬಾಜಿಗೆ ಎಷ್ಟು ಹೆಣ?

ನಾಯಿಯ ಪ್ರಸಂಗ ನೆನಪಿದೆಯಾ? ಗಾಸ್ಟ್‌ಮನ್ ಮನೆ ತೋಟದಲ್ಲಿ ಬೇರ್ಲಾಖ್ ಮೇಲೆ ದೊಡ್ಡ ನಾಯಿ ಎರಗುತ್ತೆ. ಚಾಂಟ್ಸ್ ಓಡಿಬಂದು ಅದಕ್ಕೆ ಗುಂಡು ಹೊಡೆದು ಮುದುಕನನ್ನ ಉಳಿಸ್ತಾನೆ. ಪಾಪ, ಬರಿಗೈಲಿ ಬಂದಿದ್ದ ಅಂತ ನಾವೆಲ್ಲ ಅಂದುಕೊಳ್ತೀವಿ. ಮನೆಗೆ ಹೋದಮೇಲೆ ಬೇರ್ಲಾಖ್ ಕೋಟು ಬಿಚ್ಚಿದರೆ ಎಡಗೈಗೆ ದಪ್ಪ ಬಟ್ಟೆ ಸುತ್ತಿಕೊಂಡಿರ್ತಾನೆ, ನಾಯಿಗೆ ಕಚ್ಚೋದು ಕಲಿಸೋರು ಸುತ್ತಿಕೊಳ್ತಾರಲ್ಲ ಹಾಗೆ. ಜೇಬಲ್ಲಿ ರಿವಾಲ್ವರ್ ಬೇರೆ. ಎಲ್ಲಾ ಲೆಕ್ಕ ಹಾಕಿಯೇ ಹೋಗಿದ್ದ. ಅವನಿಗೆ ಬೇಕಾಗಿದ್ದಿದ್ದು ಚಾಂಟ್ಸ್‌ನ ಬಂದೂಕಿನ ಗುಂಡು. ಷ್ಮೀಡ್‌ಗೆ ತಗುಲಿದ ಗುಂಡಿನ ಜೊತೆ ಹೋಲಿಸೋಕೆ. ಅಷ್ಟು ಸಾಕ್ಷಿ ಸಿಕ್ಕ ಮೇಲೂ ಅರೆಸ್ಟ್ ಮಾಡಲಿಲ್ಲ ಅನ್ನೋದೇ ನನ್ನ ತಕರಾರು.

ಕಾಫಿತೋಟ:
ಒಪ್ಪಲ್ಲ. ಷ್ಮೀಡ್‌ನ ಸಾವನ್ನ ಬೇರ್ಲಾಖ್ ತಲೆಗೆ ಕಟ್ಟಬೇಡಿ, ಗುಂಡು ಹಾರಿಸಿದ್ದು ಚಾಂಟ್ಸ್. ಗಾಸ್ಟ್‌ಮನ್ ಮನೆಗೆ ಹೋಗಿ ಅಂತ ಅವನ ಕೈ ಹಿಡಿದು ಯಾರೂ ಎಳೀಲಿಲ್ಲ. ತಪ್ಪೊಪ್ಪಿಕೊಳ್ಳೋಕೆ ಅವಕಾಶ ಇತ್ತು.

ಬೀದಿದೀಪ:
ಗಾಸ್ಟ್‌ಮನ್ ಮೇಲೆ ವಿಚಾರಣೆ ಮಾಡೋಣ ಅಂತ ಚಾಂಟ್ಸ್ ಕೇಳಿಕೊಂಡಾಗೆಲ್ಲ ಬೇರ್ಲಾಖ್ ತನಗೆ ಆಗಲ್ಲ, ಕಾಯಿಲೆ, ಲುಟ್ಸ್ ಬಿಡಲ್ಲ ಅಂತ ಒಂದೊಂದೇ ಬಾಗಿಲು ಮುಚ್ತಾ ಹೋದ. ಒಂದೇ ದಾರಿ ಉಳಿಯೋ ಹಾಗೆ ಮಾಡಿದ ಮೇಲೆ ಅದನ್ನ ಅವಕಾಶ ಅಂತಾರಾ?

ಭಾನುವಾರ_ಎಂಟೂಕಾಲು:
ನಡುವೆ ಬಾಯಿ ಹಾಕ್ತಿದೀನಿ. ಗಾಯಗೊಂಡ ಪೊಲೀಸ್, ಸೇಡು ಅಂದಮೇಲೆ ಟಾಟೋರ್ಟ್ ಬಗ್ಗೆ ಮಾತಾಡದೆ ಇರೋಕಾಗುತ್ತಾ? ಗೊತ್ತಿಲ್ಲದವರಿಗೆ: 1970ರ ನವೆಂಬರ್ 29ಕ್ಕೆ ಶುರುವಾದ ಜರ್ಮನ್ ಟಿವಿ ಪತ್ತೇದಾರಿ ಸರಣಿ, ಇವತ್ತಿಗೂ ಭಾನುವಾರ ರಾತ್ರಿ ಎಂಟೂಕಾಲಿಗೆ ವಾರ್ತೆ ಮುಗಿದ ತಕ್ಷಣ ಬರುತ್ತೆ. ಒಂದೊಂದು ಊರಿಗೆ ಒಂದೊಂದು ಪೊಲೀಸ್ ತಂಡ. ಕಂತು ಅಂದರೆ ತೊಂಬತ್ತು ನಿಮಿಷದ ಪೂರ್ತಿ ಸಿನಿಮಾ. ನಾವಿರೋ ಊರಲ್ಲಿ ಕೆಲವು ಬಾರುಗಳಲ್ಲಿ ದೊಡ್ಡ ಪರದೆ ಹಾಕ್ತಾರೆ, ಕೊಲೆಗಾರ ಯಾರು ಅಂತ ಪಕ್ಕದ ಟೇಬಲಿನೋರು ಜಗಳ ಆಡ್ತಿರ್ತಾರೆ.

ಡಾರ್ಟ್‌ಮುಂಡ್ ತಂಡದ ಫಾಬರ್ (ನಟ ಯೋರ್ಗ್ ಹಾರ್ಟ್‌ಮನ್) 2012ರಿಂದ ಇದಾನೆ. ಹೆಂಡತಿ, ಮಗಳು ಇಬ್ಬರನ್ನೂ ಕಳಕೊಂಡವನು. ಮಾಸಿದ ಪಾರ್ಕಾ ಕೋಟು, ಮಾತ್ರೆಗಳು, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನ ಪುಡಿ ಮಾಡೋದು. ಆ ಸಾವುಗಳ ಹಿಂದೆ ಮಾರ್ಕುಸ್ ಗ್ರಾಫ್ ಅನ್ನೋನು ಇದಾನೆ ಅಂತ 2014ರಲ್ಲಿ ತಿಳಿಯುತ್ತೆ. ಗ್ರಾಫ್ 2018ರಲ್ಲಿ ಮತ್ತೆ ಬರ್ತಾನೆ, 2020ರಲ್ಲಿ ಮತ್ತೆ. ಫಾಬರ್‌ಗೆ ಅವನನ್ನ ಕೊಲ್ಲೋ ಆಸೆ ಎಷ್ಟಿದೆ ಅಂತ ಮುಖದಲ್ಲೇ ಕಾಣುತ್ತೆ. ಬೇರ್ಲಾಖ್‌ನಂಥ ತಣ್ಣಗಿನ ಲೆಕ್ಕ ಅವನಿಗೆ ಬರಲ್ಲ. ಅದಕ್ಕೇ ನನಗೆ ಫಾಬರ್ ಹತ್ತಿರದವನು ಅನ್ನಿಸ್ತಾನೆ. ಅವನ ಜೊತೆಗಾತಿ ಬ್ಯೋನಿಷ್ 2022ರಲ್ಲಿ ಗುಂಡೇಟಿಗೆ ಸತ್ತಾಗ ನಮ್ಮ ಮನೇಲಿ ಎಲ್ಲರೂ ಅತ್ತಿದ್ರು.

ರಾತ್ರಿಪಾಳಿ:
ಅಣ್ಣಾ!! ನಾನಿನ್ನೂ 2016ರ ಕಂತುಗಳಲ್ಲಿದೀನಿ. ಓದುಬಾಕಿ ಅವರು ಮೊದಲೇ ಎಚ್ಚರಿಕೆ ಕೊಟ್ರು, ನೀವೂ ಒಂದು ಸಾಲು ಹಾಕಬಾರದಿತ್ತಾ?

ಭಾನುವಾರ_ಎಂಟೂಕಾಲು:
ಪ್ರಸಾರ ಆಗಿ ವರ್ಷಗಳೇ ಕಳೆದಿದೆ, ಪೇಪರಲ್ಲೆಲ್ಲ ಬಂದಿತ್ತು ತಮ್ಮಾ. ಆದರೂ ನೋಡು, ಸಾವು ಗೊತ್ತಿದ್ದು ನೋಡಿದರೆ ಅವರಿಬ್ಬರೂ ಕೊಲೆ ನಡೆದ ಜಾಗದಲ್ಲಿ ನಿಂತು ಒಬ್ಬರು ಕೊಲೆಗಾರ, ಇನ್ನೊಬ್ಬರು ಸತ್ತವರು ಅಂತ ಮಾತಾಡಿಕೊಳ್ಳೋ ದೃಶ್ಯಗಳು ಇನ್ನೂ ಜಾಸ್ತಿ ತಟ್ಟುತ್ತೆ.

ಸಿನಿಮಾ_ಚಟ:
ಫಾಬರ್‌ಗಿಂತ ಅದೇ ಟಾಟೋರ್ಟ್‌ನ ಇನ್ನೊಬ್ಬ ಪತ್ತೇದಾರ ಮುರೋಟ್ ನೋಡಿ. ಉಲ್ರಿಖ್ ಟುಕೂರ್ ಮಾಡಿರೋ ಪಾತ್ರ, ಮೊದಲ ಕಂತುಗಳಲ್ಲಿ ಮೆದುಳಲ್ಲಿ ಗೆಡ್ಡೆ, ಅದಕ್ಕೆ ಲಿಲ್ಲಿ ಅಂತ ಹೆಸರಿಟ್ಟಿರ್ತಾನೆ. 2014ರ 'ಇಮ್ ಷ್ಮೆರ್ತ್ಸ್ ಗೆಬೋರೆನ್' ಕಂತಲ್ಲಿ ಸೇಡು ತಿರುಗುಮುರುಗು. ಪೊಲೀಸ್ ತರಬೇತಿಯಲ್ಲಿ ಜೊತೆಗಿದ್ದ ಗೆಳೆಯನೇ ವರ್ಷಗಳ ಮೇಲೆ ಮುರೋಟ್ ಮೇಲೆ ಸೇಡಿಗೆ ಬರ್ತಾನೆ. ಸತ್ತವರ ಸಂಖ್ಯೆ ಐವತ್ತರ ಆಸುಪಾಸು. ಒಂದೂ ಅನಾವಶ್ಯಕ ಅನ್ನಿಸಲ್ಲ, ಯಾಕಂದ್ರೆ ಇಡೀ ಕತೆಯನ್ನ ನಾಟಕದ ಥರ ಕಟ್ಟಿದಾರೆ.

ಮೇಲಿನ ಕಾದಂಬರಿಯೂ ಸಿನಿಮಾ ಆಗಿದೆ, 1975ರಲ್ಲಿ. ಮಾಕ್ಸಿಮಿಲಿಯನ್ ಷೆಲ್ ನಿರ್ದೇಶನ. ಬೇರ್ಲಾಖ್ ಪಾತ್ರಕ್ಕೆ ಹಾಲಿವುಡ್ ನಿರ್ದೇಶಕ ಮಾರ್ಟಿನ್ ರಿಟ್, ಚಾಂಟ್ಸ್ ಆಗಿ ಜಾನ್ ವಾಯ್ಟ್, ಗಾಸ್ಟ್‌ಮನ್ ಆಗಿ ರಾಬರ್ಟ್ ಷಾ. ಷ್ಮೀಡ್‌ನ ಹೆಣ ಯಾರು ಗೊತ್ತಾ? ಡೊನಾಲ್ಡ್ ಸದರ್‌ಲ್ಯಾಂಡ್! ಸ್ವತಃ ಡ್ಯೂರೆನ್‌ಮಾಟ್ ಲೇಖಕನ ಪಾತ್ರದಲ್ಲಿ ಕೂತು ಒಬ್ಬನೇ ಚೆಸ್ ಆಡ್ತಾನೆ. ಸಂಗೀತ ಎನ್ನಿಯೋ ಮೊರಿಕೋನೆ.

ಬೀದಿದೀಪ:
ಹೆಣದ ವಿಷಯ ಬಂತಲ್ಲ, ಕಾದಂಬರಿಯ ಮೊದಲ ಪುಟಗಳನ್ನ ಮತ್ತೆ ಓದಿ ಎಲ್ಲರೂ. ಹಳ್ಳಿ ಪೊಲೀಸ್ ಕ್ಲೆನಿನ್ ಹೆಣ ನೋಡ್ತಾನೆ, ಏನು ಮಾಡಬೇಕೋ ತೋಚಲ್ಲ. ಬಿದ್ದಿದ್ದ ಹ್ಯಾಟನ್ನ ಗಾಯ ಕಾಣದ ಹಾಗೆ ತಲೆಗೆ ಒತ್ತಿ ಹಾಕ್ತಾನೆ. ಹೆಣವನ್ನ ಪಕ್ಕಕ್ಕೆ ಸರಿಸಿ, ನೆಟ್ಟಗೆ ಕೂರಿಸಿ, ಕಾರಲ್ಲೇ ಸಿಕ್ಕ ಚರ್ಮದ ಪಟ್ಟಿಯಿಂದ ಕಟ್ಟಿ, ತಾನೇ ಸ್ಟೇರಿಂಗ್ ಹಿಡೀತಾನೆ. ಇಂಜಿನ್ ಸ್ಟಾರ್ಟ್ ಆಗಲ್ಲ, ಇಳಿಜಾರಲ್ಲೇ ಕಾರು ಉರುಳಿಸಿಕೊಂಡು ಟ್ವಾನ್‌ಗೆ ಬಂದು ಪೆಟ್ರೋಲ್ ಹಾಕಿಸ್ತಾನೆ. ಪಕ್ಕದಲ್ಲಿ ಠೀವಿಯಿಂದ ಕೂತಿರೋನು ಸತ್ತಿದಾನೆ ಅಂತ ಒಬ್ಬರಿಗೂ ಗೊತ್ತಾಗಲ್ಲ. ಸಾಕ್ಷಿ ಇರಬೇಕಾದ ಜಾಗವನ್ನ ಪೊಲೀಸನೇ ಮೊದಲ ಪುಟದಲ್ಲಿ ಹಾಳು ಮಾಡ್ತಾನೆ. ಕಾನೂನಿನ ದಾರಿ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಅಲ್ಲೇ ಗೊತ್ತಾಗಬೇಕು.

ಧಾರವಾಡದ_ಮೇಷ್ಟ್ರು:
ಚರ್ಚೆ ಜರ್ಮನಿ, ಟಾಟೋರ್ಟ್ ಅಂತ ಹೊರಟಿದೆ. ಡ್ಯೂರೆನ್‌ಮಾಟ್ ಸ್ವಿಸ್ ಲೇಖಕ ಅನ್ನೋದನ್ನ ಮರೆಯಬಾರದು. ಬರ್ನ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗ, 1921ರಲ್ಲಿ ಹುಟ್ಟಿದವರು. ಈ ಕಾದಂಬರಿ ಬರೆಯುವಾಗ ಟ್ವಾನ್ ಪಕ್ಕದ ಲೀಗೆರ್ತ್ಸ್‌ನಲ್ಲೇ ಸಂಸಾರ ಹೂಡಿದ್ದರು, ಕೈಯಲ್ಲಿ ಕಾಸಿರಲಿಲ್ಲ. ಡಿಸೆಂಬರ್ 1950ರಿಂದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಹಣಕ್ಕಾಗಿ ಬರೆದದ್ದು ಅಂತ ಕೆಲವರು ಕಡೆಗಣಿಸುತ್ತಾರೆ, ನಾನು ಒಪ್ಪುವುದಿಲ್ಲ. ಅವರಿಗೇ ಸಕ್ಕರೆ ಕಾಯಿಲೆ ಇತ್ತು, ಆಸ್ಪತ್ರೆಯ ಹಾಸಿಗೆ ಗೊತ್ತಿತ್ತು. ಬೇರ್ಲಾಖ್‌ನ ನೋವು ಸುಮ್ಮನೆ ಕಟ್ಟಿದ್ದಲ್ಲ.

ಬೇರ್ಲಾಖ್ ಜರ್ಮನಿಯಲ್ಲೂ ಕೆಲಸ ಮಾಡಿದವನು. ಫ್ರಾಂಕ್‌ಫರ್ಟ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ. 1933ರಲ್ಲಿ ಹಿಟ್ಲರ್‌ನ ಹೊಸ ಸರ್ಕಾರದ ಅಧಿಕಾರಿಯೊಬ್ಬನ ಕೆನ್ನೆಗೆ ಬಾರಿಸಿ ಊರಿಗೆ ಮರಳಿದವನು. ಅಂಥವನೇ ಕಾನೂನು ಮೀರುತ್ತಾನೆ ಅನ್ನೋದು ಮುಖ್ಯ.

ಹುಬ್ಬಳ್ಳಿ_ವಕೀಲ:
ಮೇಷ್ಟ್ರು ಫ್ರಾಂಕ್‌ಫರ್ಟ್ ಅಂದ್ರು, ಅಲ್ಲೇದs ಒಂದು ಖರೇ ಪ್ರಕರಣ ಹೇಳ್ತೀನಿ. 2002ರಾಗ 11 ವರ್ಷದ ಹುಡುಗನ್ನ ಒಬ್ಬ ಕಾನೂನು ವಿದ್ಯಾರ್ಥಿ ಅಪಹರಣ ಮಾಡಿದ. ಸಿಕ್ಕ ಮ್ಯಾಲೂ ಹುಡುಗ ಎಲ್ಲಿ ಅಂತ ಬಾಯಿ ಬಿಡಲಿಲ್ಲ. ಪೊಲೀಸ್ ಉಪಮುಖ್ಯಸ್ಥ ಡಾಷ್ನರ್, ನೋವು ಕೊಡ್ತೀವಿ ಅಂತ ಹೆದರಿಸಲಿಕ್ಕೆ ಹೇಳಿದ. ಆಮೇಲೆ ಆ ವಿದ್ಯಾರ್ಥಿ ಜಾಗಾ ತೋರಿಸಿದ, ಹುಡುಗ ಮೊದಲs ಸತ್ತಿದ್ದ. 2004ರಾಗ ಕೋರ್ಟು ಡಾಷ್ನರ್‌ನ ತಪ್ಪಿತಸ್ಥ ಅಂತು. ಶಿಕ್ಷೆ ಭಾಳ ಹಗುರ, ಎಚ್ಚರಿಕಿ ಕೊಟ್ಟು ದಂಡ ತಡೆಹಿಡಿದ್ರು. 2010ರಾಗ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಆ ಬೆದರಿಕಿ ಹಕ್ಕಿನ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಹುಡುಗನ ಜೀವ ಉಳಸಲಿಕ್ಕೆ ಅಂತ ಗೆರಿ ದಾಟಿದವನನ್ನೂ ಕಟಕಟೆಗೆ ನಿಲ್ಲಿಸ್ಯಾರ. ಬೇರ್ಲಾಖ್ ಉಳಸಲಿಕ್ಕೆ ಹೊಂಟಿದ್ದು ಯಾರನ್ನ?

ಕಾಫಿತೋಟ:
ಅದಕ್ಕೆ ಎದುರು ನಾನೊಂದು ಹೇಳ್ತೀನಿ. ಮರಿಯಾನೆ ಬಾಖ್‌ಮಾಯರ್. 1981ರ ಮಾರ್ಚ್ 6, ಜರ್ಮನಿಯ ಲ್ಯೂಬೆಕ್ ಕೋರ್ಟ್. ಏಳು ವರ್ಷದ ಮಗಳನ್ನ ಕೊಂದ ಆರೋಪಿಯನ್ನ ಕೋರ್ಟ್ ಹಾಲ್‌ನಲ್ಲೇ ಗುಂಡಿಟ್ಟು ಸಾಯಿಸಿದ ತಾಯಿ. ದೇಶದಲ್ಲಿ ಎಷ್ಟೋ ಜನ ಅವಳ ಪರ ನಿಂತರು. 1983ರಲ್ಲಿ ಆರು ವರ್ಷ ಶಿಕ್ಷೆ ಆಯ್ತು, ಪೂರ್ತಿ ಅನುಭವಿಸೋ ಮುಂಚೆಯೇ ಬಿಡುಗಡೆ. ಕೋರ್ಟೂ ಅದನ್ನ ಮರ್ಡರ್ ಅನ್ನಲಿಲ್ಲ, ಅದಕ್ಕಿಂತ ಕಡಿಮೆ ಅಪರಾಧ ಅಂತು. ಗಾಯ ಆದವರ ಸೇಡಿಗೆ ಕಾನೂನಿಗೂ ಕನಿಕರ ಇದೆ.

ಕುಡ್ಲದ_ಸಿಸ್ಟರ್:
ಆ ತಾಯಿಯನ್ನು ಬೇರ್ಲಾಖ್ ಪಕ್ಕ ನಿಲ್ಲಿಸಬೇಡಿ ದಯವಿಟ್ಟು. ಅವಳು ಕಳಕೊಂಡದ್ದು ಮಗುವನ್ನು, ಟ್ರಿಗರ್ ಎಳೆದದ್ದೂ ಅವಳೇ, ಜೈಲಿಗೆ ಹೋದದ್ದೂ ಅವಳೇ. ಬೇರ್ಲಾಖ್ ಕಳಕೊಂಡದ್ದು ಬಾಜಿ.

ರಾತ್ರಿಪಾಳಿ:
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು.

ಕಾಫಿತೋಟ:
ಬರೀ ಬಾಜಿ ಅಲ್ಲ. ಆ ವ್ಯಾಪಾರಿ ನೀರಿಗೆ ಬಿದ್ದಾಗ ಬೇರ್ಲಾಖ್ ತಾನೂ ಹಾರಿದ್ದ, ಉಳಿಸೋಕಾಗಲಿಲ್ಲ. ನಲವತ್ತು ವರ್ಷ ಒಬ್ಬ ಕೊಲೆಗಾರ ದೇಶದೇಶ ತಿರುಗೋದನ್ನ ನೋಡಿ ಏನೂ ಮಾಡೋಕಾಗದೆ ಇದ್ದವನ ಸಂಕಟ ನಿಮಗ್ಯಾರಿಗೂ ಕಾಣ್ತಿಲ್ಲ. ನಾನು ಬೇರ್ಲಾಖ್ ಪರವೇ.

ಓದುಬಾಕಿ:
ಬೇರ್ಲಾಖ್‌ಗೆ ಕಾಯಿಲೆ ಇಲ್ಲದಿದ್ದರೆ ಹೀಗೆ ಮಾಡ್ತಿದ್ದನಾ ಅನ್ನೋದು ನನ್ನ ಮುಂದಿನ ಪ್ರಶ್ನೆ. ಇನ್ನೂ ಹತ್ತು ವರ್ಷ ಇದ್ದಿದ್ದರೆ ಸಾಕ್ಷಿಗಾಗಿ ಕಾಯ್ತಿದ್ದ ಅಂತ ನನಗನ್ನಿಸುತ್ತೆ.

ಕುಡ್ಲದ_ಸಿಸ್ಟರ್:
ಅದಕ್ಕೆ 'ಡೇರ್ ಫೆರ್‌ಡಾಖ್ಟ್' ಓದಿ, ಇದರ ಮುಂದಿನ ಭಾಗ. ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿರ್ತಾನೆ. ಲೈಫ್ ಪತ್ರಿಕೆಯ ಹಳೇ ಸಂಚಿಕೆಯಲ್ಲಿ ಒಂದು ಫೋಟೋ. ಷ್ಟುಟ್‌ಹೋಫ್ ನಾಜಿ ಶಿಬಿರದಲ್ಲಿ ಅರಿವಳಿಕೆ ಕೊಡದೆ ಕೈದಿಯ ಆಪರೇಷನ್ ಮಾಡ್ತಿರುವ ವೈದ್ಯ. ಅದನ್ನು ನೋಡಿ ಹುಂಗರ್‌ಟೋಬೆಲ್ ಮುಖ ಬಿಳುಚಿಕೊಳ್ತದೆ. ಆ ವೈದ್ಯ ಈಗ ಜೂರಿಕ್‌ನಲ್ಲಿ ಸಿರಿವಂತರ ಆಸ್ಪತ್ರೆ ನಡೆಸ್ತಿದ್ದಾನೆ ಅಂತ ಸಂಶಯ. ಎದ್ದು ನಡೆಯಲಿಕ್ಕೆ ಆಗದ ಬೇರ್ಲಾಖ್ ಸುಳ್ಳು ಹೆಸರಲ್ಲಿ ಅಲ್ಲಿಗೇ ರೋಗಿಯಾಗಿ ಹೋಗ್ತಾನೆ. ಹೋಗಿ ಸಿಕ್ಕಿಬೀಳ್ತಾನೆ. ಬೆಳಿಗ್ಗೆ ಏಳಕ್ಕೆ ನಿನಗೂ ಅದೇ ಆಪರೇಷನ್ ಅಂತ ಹೇಳಿ ವೈದ್ಯ ಹೋಗ್ತಾನೆ. ಮುದುಕ ಗೋಡೆ ಗಡಿಯಾರ ನೋಡ್ತಾ ಮಲಗಿರ್ತಾನೆ. ಈ ಸಲ ಕಾಯಿ ನಡೆಸಲಿಕ್ಕೆ ಅವನ ಹತ್ತಿರ ಚಾಂಟ್ಸ್ ಇಲ್ಲ. ಅವನನ್ನು ನಂಬಿ ಬರೆದ ಬಡ ಪತ್ರಕರ್ತ ಫೋರ್ಟ್‌ಷಿಗ್ ಜೀವವೂ ಹೋಗ್ತದೆ. ಹಾಗಾಗಿ ಹತ್ತು ವರ್ಷ ಕೊಟ್ಟಿದ್ದರೂ ಸುಮ್ಮನಿರ್ತಿದ್ದ ಅಂತ ನನಗೆ ಅನ್ನಿಸುವುದಿಲ್ಲ.

ಧಾರವಾಡದ_ಮೇಷ್ಟ್ರು:
ಅದರ ಜೊತೆಗೆ 'ದಾಸ್ ಫೆರ್‌ಷ್ಪ್ರೆಖೆನ್' ಕೂಡ, 1958. ಮೊದಲು ಸಿನಿಮಾಕ್ಕೆಂದು ಬರೆದ ಕತೆ, ಅದರಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ. ಡ್ಯೂರೆನ್‌ಮಾಟ್‌ಗೆ ಆ ಕೊನೆ ಒಪ್ಪಿಗೆಯಾಗಲಿಲ್ಲ, ಕಾದಂಬರಿಯಲ್ಲಿ ಬದಲಿಸಿದರು. ಮಟ್ಟೇಯಿ ಅನ್ನೋ ಪತ್ತೇದಾರ ಪೆಟ್ರೋಲ್ ಬಂಕ್ ಇಟ್ಟುಕೊಂಡು ಕೊಲೆಗಾರನಿಗೆ ಕಾಯುತ್ತಾನೆ. ಅವನ ಲೆಕ್ಕ ಪೂರ್ತಿ ಸರಿ. ಆದರೆ ಕೊಲೆಗಾರ ಬರುವ ದಾರಿಯಲ್ಲೇ ಕಾರು ಅಪಘಾತದಲ್ಲಿ ಸತ್ತಿರುತ್ತಾನೆ, ಇದು ಮಟ್ಟೇಯಿಗೆ ಗೊತ್ತಾಗದೆ ಕಾಯ್ತಾ ಕಾಯ್ತಾ ಬುದ್ಧಿ ಕೆಡುತ್ತದೆ. ಆಕಸ್ಮಿಕ ಅಪರಾಧಿಯನ್ನು ಹಿಡಿದುಕೊಡುತ್ತದೆ ಅಂತ ಬೇರ್ಲಾಖ್ ಬಾಜಿ ಕಟ್ಟಿದ್ದ. ಇಲ್ಲಿ ಅದೇ ಆಕಸ್ಮಿಕ ಪತ್ತೇದಾರನನ್ನೇ ಮುಗಿಸುತ್ತದೆ.

ಓದುಬಾಕಿ:
ಎರಡೂ ತರಿಸ್ಕೊಳ್ತೀನಿ ಮೇಷ್ಟ್ರೇ. ಮೊದಲು ಯಾವುದು ಓದಲಿ?

ಬೀದಿದೀಪ:
ಆಸ್ಪತ್ರೆಯದ್ದು. ಬೇರ್ಲಾಖ್ ಇನ್ನೂ ಮನಸ್ಸಲ್ಲಿ ಹಸಿಯಾಗಿರುವಾಗಲೇ ಓದಬೇಕು. ಓದಿ ಬಂದು ಕಾಫಿತೋಟ ಅವರಿಗೆ ಉತ್ತರ ಕೊಡಿ, ನನ್ನ ಮಾತಿಗಂತೂ ಅವರು ಬಗ್ಗಲ್ಲ.

ಕಾಫಿತೋಟ:
ಬಗ್ಗಲ್ಲ. ಫೋರ್ಟ್‌ಷಿಗ್ ಬಗ್ಗೆ ಮಾತ್ರ ನಾನೂ ಮತ್ತೆ ಓದಿಯೇ ಮಾತಾಡ್ತೀನಿ.